ಬಾಟಲಿಯ ಮೇಲೆ 'ನೀರು' ಅಂತಲೇ ಬರೆದಿತ್ತು

'ಮನೆಯಲ್ಲಿ ಬಟ್ಟೆ ಒಗೆಯಲು ಇಟ್ಟಿದ್ದ ದ್ರವವನ್ನು ಆಕಸ್ಮಿಕವಾಗಿ ಕುಡಿದು ಮೂರು ವರ್ಷದ ಮಗು ತೀವ್ರ ಅಸ್ವಸ್ಥಗೊಂಡಿದ್ದು, ಆಸ್ಪತ್ರೆಗೆ ದಾಖಲಿಸಲಾಗಿದೆ. ಪೊಲೀಸರು ಪರಿಶೀಲನೆ ನಡೆಸುತ್ತಿದ್ದಾರೆ.'

ಇಂಥ ಸುದ್ದಿಯನ್ನು ನಾವು ಎಷ್ಟು ಸಲ ಕಳಿಸಿದ್ದೇವೋ ಲೆಕ್ಕ ಇಟ್ಟಿಲ್ಲ. ಊರಿನ ಹೆಸರು ಬದಲಾಗುತ್ತದೆ, ವಯಸ್ಸು ಬದಲಾಗುತ್ತದೆ, 'ಆಕಸ್ಮಿಕವಾಗಿ' ಎಂಬ ಪದ ಮಾತ್ರ ಇದ್ದಲ್ಲೇ ಇರುತ್ತದೆ. ಡಿಪ್ಲೊಮಾ ತರಗತಿಯಲ್ಲಿ ಮೇಷ್ಟ್ರು ಯಾರು, ಏನು, ಎಲ್ಲಿ, ಯಾವಾಗ, ಏಕೆ ಎಂಬ ಐದು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಿದ್ದರು. ಮೊದಲ ನಾಲ್ಕಕ್ಕೆ ಆಸ್ಪತ್ರೆಯ ರಿಜಿಸ್ಟರಿನಲ್ಲೇ ಉತ್ತರ ಸಿಗುತ್ತದೆ. ಐದನೆಯದರ ಜಾಗದಲ್ಲಿ 'ಆಕಸ್ಮಿಕವಾಗಿ' ಎಂದು ಬರೆದರೆ ಡೆಸ್ಕಿನವರು ಮತ್ತೆ ಏನೂ ಕೇಳುವುದಿಲ್ಲ.

ಒಮ್ಮೆ ಮಾತ್ರ ವಾರ್ಡಿನ ಹೊರಗೆ ಮಗುವಿನ ಅಜ್ಜಿ ಸಿಕ್ಕಿದರು. ಸಂತೆಯಿಂದ ತಂದ ಕಾಸ್ಟಿಕ್ ಬೆರೆಸಿದ ನೀರು; ಜಿಡ್ಡು ಹಿಡಿದ ಬಟ್ಟೆ ನೆನೆಸಲು ಬಚ್ಚಲಿನ ಮೂಲೆಯಲ್ಲಿ ಇಟ್ಟಿದ್ದರಂತೆ. ಮಾರುವವನು ಅದನ್ನು ಕುಡಿಯುವ ನೀರಿನ ಖಾಲಿ ಬಾಟಲಿಗೆ ತುಂಬಿ ಕೊಟ್ಟಿದ್ದ. ನಾವು ಎಲ್ಲರಂತೆ ಬುದ್ಧಿ ಹೇಳಿದೆವು: 'ನೋಡ್ಕೋಬೇಕಿತ್ತಲ್ಲ ಅಜ್ಜಿ, ಮಗು ಓಡಾಡೋ ಜಾಗದಲ್ಲಿ ಹಾಗೆ ಇಡೋದಾ?' ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: 'ನನಗೆ ಓದೋಕೆ ಬರಲ್ಲ ಮಗಾ. ಓದೋಕೆ ಬಂದಿದ್ರೂ ಅದರ ಮೇಲೆ ನೀರು ಅಂತಲೇ ಬರೆದಿತ್ತಲ್ಲ?'

ಮಗು ಬದುಕಿತು. ಆದರೆ ಕೆಲವು ವಾರಗಳ ನಂತರ ಅನ್ನ ಗಂಟಲಲ್ಲಿ ಇಳಿಯದೆ, ಮನೆಯವರು ದೊಡ್ಡಾಸ್ಪತ್ರೆಗಳಿಗೆ ಅಲೆಯತೊಡಗಿದರು. ಆ ಸುದ್ದಿಯನ್ನು ನಾವು ಬರೆಯಲಿಲ್ಲ. ನಮ್ಮ ನಾಲ್ಕು ಸಾಲು ಮುಗಿದು ಹೋಗಿತ್ತು.

ಅಜ್ಜಿಯ ಮಾತು ತಲೆಯಲ್ಲಿ ಕೊರೆಯುತ್ತಿದ್ದ ದಿನಗಳಲ್ಲಿ, ಇದೇ ಪ್ರಶ್ನೆಯನ್ನು ನೂರು ವರ್ಷ ಹಿಂದೆ ಕೇಳಿದ ಒಬ್ಬ ವೈದ್ಯರ ಕಥೆ ಓದಿದೆವು. ಬಟ್ಟೆ ಒಗೆಯುವ ವಸ್ತುವಿನ ಡಬ್ಬಿಯ ಮೇಲೆ 'ವಿಷ' ಎಂದು ಬರೆಯಬೇಕೋ ಬೇಡವೋ ಎಂಬ ಇಷ್ಟು ಸಣ್ಣ ವಿಷಯಕ್ಕೆ ಒಂದು ದೇಶದ ಸಂಸತ್ತಿನವರೆಗೆ ಹೋಗಬೇಕಾಗಿ ಬಂದ ಕಥೆ ಅದು.

ಅಡುಗೆಮನೆಯ ಡಬ್ಬಿ

ಹಳೆಯ ಕಾಲದಲ್ಲಿ ಬಟ್ಟೆಯ ಕೊಳೆ ತೆಗೆಯುವುದೆಂದರೆ ಕ್ಷಾರದ ಕೆಲಸ. ನಮ್ಮಲ್ಲಿ ಮಡಿವಾಳರು ಚೌಳು ಮಣ್ಣು ತಂದು ಉಬ್ಬೆ ಹಾಕುತ್ತಿದ್ದರು. ಮನೆಗಳಲ್ಲಿ ಬೂದಿ ನೀರು, ಸೀಗೆಕಾಯಿ, ಅಂಟುವಾಳ ಇರುತ್ತಿದ್ದವು. ಅಮೆರಿಕದ ಹಳ್ಳಿಗಳಲ್ಲೂ ಒಲೆಯ ಬೂದಿಗೆ ನೀರು ಸುರಿದು ಸೋಸಿ, ಆ ಕ್ಷಾರವನ್ನು ಹಂದಿಯ ಕೊಬ್ಬಿನೊಂದಿಗೆ ಕುದಿಸಿ ಸೋಪು ಮಾಡಿಕೊಳ್ಳುತ್ತಿದ್ದರು. ಆ ಕ್ಷಾರಕ್ಕೆ ಅವರ ಮಾತಿನಲ್ಲಿ 'ಲೈ' ಎಂದು ಹೆಸರು.

ಹತ್ತೊಂಬತ್ತನೆಯ ಶತಮಾನದಲ್ಲಿ ಕಾರ್ಖಾನೆಗಳು ಬಂದವು. ಬೂದಿಯ ತೊಂದರೆ ತಪ್ಪಿಸಿ, ಕಾಸ್ಟಿಕ್ ಸೋಡಾವನ್ನೇ ಪುಡಿಯಾಗಿಯೋ ಹರಳಾಗಿಯೋ ಡಬ್ಬಿಯಲ್ಲಿ ತುಂಬಿ ದಿನಸಿ ಅಂಗಡಿಗೆ ಕಳಿಸಿದವು. ಸೋಪು ಮಾಡಲು ಅದೇ, ಬಟ್ಟೆ ಕುದಿಸಲು ಅದೇ, ಕಟ್ಟಿಕೊಂಡ ಬಚ್ಚಲ ಕೊಳವೆ ಬಿಡಿಸಲೂ ಅದೇ. ಬೆಲೆ ಕಡಿಮೆ, ಕೆಲಸ ಜೋರು. ಹೀಗಾಗಿ ಬಡವರ ಮನೆಯಲ್ಲೂ ಒಂದು ಡಬ್ಬಿ ಇರುತ್ತಿತ್ತು. ಬಿಳಿ ಪುಡಿ, ಸಕ್ಕರೆಯ ಪಕ್ಕದಲ್ಲಿಟ್ಟರೆ ಮಗುವಿಗೆ ಸಕ್ಕರೆಯೇ. ಕರಗಿಸಿ ಲೋಟದಲ್ಲಿಟ್ಟರೆ ನೀರೇ.

ಈ ವಸ್ತು ಮಾಡುವ ಹಾನಿ ವಿಚಿತ್ರವಾದದ್ದು. ಕ್ಷಾರವು ಬಾಯಿ ಮತ್ತು ಅನ್ನನಾಳದ ಒಳಪದರವನ್ನು ಕರಗಿಸುತ್ತ ಆಳಕ್ಕೆ ಇಳಿಯುತ್ತದೆ. ಮೊದಲ ದಿನಗಳಲ್ಲಿ ಮಗು ಬದುಕಿ ಉಳಿದರೆ ಎಲ್ಲರೂ ಗಂಡಾಂತರ ತಪ್ಪಿತೆಂದು ಉಸಿರು ಬಿಡುತ್ತಾರೆ. ಅಸಲಿ ಕಷ್ಟ ಶುರುವಾಗುವುದು ಆಮೇಲೆ. ಸುಟ್ಟ ಜಾಗ ಮಾಯುತ್ತ ಮಾಯುತ್ತ ಗಟ್ಟಿಯಾಗಿ, ಅನ್ನನಾಳ ಕಿರಿದಾಗುತ್ತ ಹೋಗುತ್ತದೆ. ಮೊದಲು ರೊಟ್ಟಿ ಇಳಿಯುವುದಿಲ್ಲ, ಆಮೇಲೆ ಗಂಜಿ ಇಳಿಯುವುದಿಲ್ಲ, ಕೊನೆಗೆ ನೀರೂ ಇಳಿಯುವುದಿಲ್ಲ. ಕಣ್ಣೆದುರು ಅನ್ನ ಇದ್ದೂ ಮಗು ಹಸಿವಿನಿಂದ ಸೊರಗುತ್ತದೆ.

ಚೆವಲಿಯರ್ ಜಾಕ್ಸನ್

ಚೆವಲಿಯರ್ ಜಾಕ್ಸನ್ ಹುಟ್ಟಿದ್ದು 1865ರಲ್ಲಿ, ಪಿಟ್ಸ್‌ಬರ್ಗಿನಲ್ಲಿ. 1886ರಲ್ಲಿ ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು ಗಂಟಲಿನ ವೈದ್ಯರಾದರು. ಬಾಯಿಯ ಮೂಲಕ ಕೊಳವೆ ಇಳಿಸಿ, ಅದರ ತುದಿಯ ಬೆಳಕಿನಲ್ಲಿ ಅನ್ನನಾಳವನ್ನೂ ಶ್ವಾಸನಾಳವನ್ನೂ ನೋಡುವ ವಿದ್ಯೆಯನ್ನು ಬೆಳೆಸಿದವರಲ್ಲಿ ಅವರು ಮುಖ್ಯರು. ಮಕ್ಕಳು ನುಂಗಿದ ಪಿನ್ನು, ಗುಂಡಿ, ನಾಣ್ಯ, ಮೊಳೆಗಳನ್ನು ಹೊಟ್ಟೆ ಎದೆ ಕೊಯ್ಯದೆ ಹೊರಗೆ ತೆಗೆಯುತ್ತಿದ್ದರು. ಹೀಗೆ ತೆಗೆದ ವಸ್ತುಗಳನ್ನು ದಾಖಲೆ ಸಹಿತ ಜೋಡಿಸಿಟ್ಟರು. 2,374 ವಸ್ತುಗಳ ಆ ಸಂಗ್ರಹ ಫಿಲಡೆಲ್ಫಿಯಾದ ಮ್ಯೂಟರ್ ಸಂಗ್ರಹಾಲಯದಲ್ಲಿ ಇವತ್ತಿಗೂ ಇದೆ.

ನುಂಗಿದ ಗುಂಡಿಯನ್ನು ಹೊರಗೆ ತೆಗೆದರೆ ಮುಗಿಯಿತು, ಮಗು ಆಡುತ್ತ ಮನೆಗೆ ಹೋಗುತ್ತದೆ. ಲೈ ನುಂಗಿದ ಮಗುವಿನಿಂದ ಏನನ್ನು ಹೊರಗೆ ತೆಗೆಯುವುದು? ಜಾಕ್ಸನ್ 1938ರಲ್ಲಿ ಪ್ರಕಟಿಸಿದ ತಮ್ಮ ಆತ್ಮಕಥೆಯಲ್ಲಿ ಏಳು ವರ್ಷದ ಒಬ್ಬ ಬಡ ಹುಡುಗಿಯ ಪ್ರಸಂಗ ಹೇಳಿದ್ದಾರೆ. ಲೈ ನುಂಗಿ ಅನ್ನನಾಳ ಮುಚ್ಚಿಹೋಗಿತ್ತು, ಒಂದು ಗುಟುಕು ನೀರೂ ಇಳಿಯುತ್ತಿರಲಿಲ್ಲ. ಅವರು ಕೊಳವೆ ಇಳಿಸಿ ನೋಡಿ, ಕಿರಿದಾದ ಜಾಗದಲ್ಲಿ ಸಿಕ್ಕಿಕೊಂಡಿದ್ದ ಗಂಟನ್ನು ತೆಗೆದರು. ದಾದಿ ನೀರಿನ ಲೋಟ ಕೊಟ್ಟಾಗ ಹುಡುಗಿ ಹೆದರುತ್ತಲೇ ಒಂದು ಗುಟುಕು ಕುಡಿದಳು, ಅದು ವಾಪಸು ಬರುತ್ತದೆಂದು ಕಾದಳು. ಬರಲಿಲ್ಲ. ಇನ್ನೊಂದು ಗುಟುಕು ಕುಡಿದಳು. ಆಮೇಲೆ ಲೋಟ ಬದಿಗೆ ಸರಿಸಿ, ವೈದ್ಯರ ಕೈ ಹಿಡಿದು ಮುತ್ತಿಟ್ಟಳಂತೆ.

ಇಂಥ ಮಕ್ಕಳಿಗೆ ಆಗ ಇದ್ದ ಚಿಕಿತ್ಸೆಯೆಂದರೆ ಸಣ್ಣ ಸಲಾಕೆಗಳನ್ನು ಅನ್ನನಾಳದಲ್ಲಿ ಮತ್ತೆ ಮತ್ತೆ ಇಳಿಸಿ ದಾರಿ ಅಗಲ ಮಾಡುವುದು. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ. ಒಂದು ಮಗುವಿನ ಗಂಟಲು ಸರಿಯಾಗುವಷ್ಟರಲ್ಲಿ ಬಾಗಿಲಲ್ಲಿ ಇನ್ನೊಂದು ಮಗು ಬಂದಿರುತ್ತಿತ್ತು. ಬರುವವರ ಸಾಲು ನಿಲ್ಲಬೇಕಾದರೆ ಕೊಳವೆ ಇಳಿಸುವುದರಿಂದ ಆಗುವುದಿಲ್ಲ, ಡಬ್ಬಿಯ ಹತ್ತಿರವೇ ಹೋಗಬೇಕು ಎಂಬುದು ಅವರಿಗೆ ಮನವರಿಕೆಯಾಯಿತು.

ಅನ್ನವೂ ಅಲ್ಲ, ಔಷಧಿಯೂ ಅಲ್ಲ

ಅಮೆರಿಕದಲ್ಲಿ 1906ರಲ್ಲೇ ಆಹಾರ ಮತ್ತು ಔಷಧಿಗಳ ಶುದ್ಧತೆಯ ಕಾನೂನು ಬಂದಿತ್ತು. ಆಹಾರದ ಡಬ್ಬಿಯ ಮೇಲೆ ಸುಳ್ಳು ಬರೆದರೆ ಕೇಸು ಹಾಕಬಹುದಿತ್ತು. ಆದರೆ ಲೈ ತಿನ್ನುವ ವಸ್ತುವಲ್ಲ, ಕಾಯಿಲೆಗೆ ಕೊಡುವ ಔಷಧಿಯೂ ಅಲ್ಲ. ಅಡುಗೆಮನೆಯ ಅದೇ ಕಪಾಟಿನಲ್ಲಿ ಕುಳಿತಿದ್ದರೂ ಕಾನೂನಿನ ಕಣ್ಣಿಗೆ ಅದು ಬೀಳಲಿಲ್ಲ. ಔಷಧಿ ಅಂಗಡಿಯಲ್ಲಿ ವಿಷ ಮಾರುವವನು ಶೀಶೆಗೆ ಚೀಟಿ ಅಂಟಿಸುವ ಪದ್ಧತಿ ಇತ್ತು. ದಿನಸಿ ಅಂಗಡಿಯ ಲೈ ಡಬ್ಬಿಗೆ ಅಂಥ ಹಂಗು ಇರಲಿಲ್ಲ.

ಜಾಕ್ಸನ್ ವೈದ್ಯರ ಸಭೆಗಳಲ್ಲಿ ಮಾತನಾಡಿದರು, ಬರೆದರು, ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಬೆಂಬಲ ಪಡೆದರು. ಕೆಲವು ರಾಜ್ಯಗಳಲ್ಲಿ ಮೊದಲು ಕಾನೂನಾಯಿತು. ಆದರೆ ಒಂದು ರಾಜ್ಯದಲ್ಲಿ ಲೇಬಲ್ ಇದ್ದು ಪಕ್ಕದ ರಾಜ್ಯದಲ್ಲಿ ಇಲ್ಲದಿದ್ದರೆ, ಗಡಿ ದಾಟಿ ಬರುವ ಡಬ್ಬಿಗೆ ಏನು ಮಾಡುವುದು? ಕೊನೆಗೆ ಒಕ್ಕೂಟದ ಮಟ್ಟದಲ್ಲೇ ಕಾನೂನು ಆಗಬೇಕಾಯಿತು. 1927ರ ಮಾರ್ಚ್ 4ರಂದು 'ಫೆಡರಲ್ ಕಾಸ್ಟಿಕ್ ಪಾಯ್ಸನ್ ಆಕ್ಟ್' ಜಾರಿಗೆ ಬಂತು. ಆಗ ಅಧ್ಯಕ್ಷರಾಗಿದ್ದವರು ಕ್ಯಾಲ್ವಿನ್ ಕೂಲಿಜ್.

ಕಾನೂನು 12 ವಸ್ತುಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ ಹಲವು ಬಟ್ಟೆ ಒಗೆಯುವ ಮೂಲೆಯಲ್ಲೇ ಇರುತ್ತಿದ್ದವು: ಸೋಪು ಮಾಡುವ ಕಾಸ್ಟಿಕ್ ಸೋಡಾ ಮತ್ತು ಕಾಸ್ಟಿಕ್ ಪೊಟ್ಯಾಶ್, ಜಿಡ್ಡು ತೆಗೆಯುವ ಅಮೋನಿಯಾ ನೀರು, ತುಕ್ಕಿನ ಕಲೆ ತೆಗೆಯುವ ಆಕ್ಸಾಲಿಕ್ ಆಮ್ಲ. ಪ್ರತಿಯೊಂದಕ್ಕೂ ಒಂದು ಪ್ರಮಾಣ ನಿಗದಿಯಾಯಿತು. ಕಾಸ್ಟಿಕ್ ಸೋಡಾ ಶೇ 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಅಮೋನಿಯಾ ಶೇ 5 ಅಥವಾ ಹೆಚ್ಚಿದ್ದರೆ ಕಾನೂನು ಅನ್ವಯ.

ಡಬ್ಬಿಯ ಮೇಲೆ ಏನಿರಬೇಕು? ವಸ್ತುವಿನ ಸಾಮಾನ್ಯ ಹೆಸರು. ತಯಾರಿಸಿದವರ ಅಥವಾ ಮಾರುವವರ ಹೆಸರು, ಊರು. ಯಾರಾದರೂ ನುಂಗಿದರೆ ಏನು ಮಾಡಬೇಕೆಂಬ ಸೂಚನೆ. ಮತ್ತು 'ವಿಷ' ಎಂಬ ಪದ. ಈ ಪದವನ್ನು ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಮುದ್ರಿಸಿ ನುಣುಚಿಕೊಳ್ಳಬಾರದೆಂದು ಕಾನೂನು ಅಕ್ಷರದ ಗಾತ್ರವನ್ನೂ ಹೇಳಿತು: 24 ಪಾಯಿಂಟಿಗಿಂತ ಸಣ್ಣದಿರಬಾರದು, ಹಿನ್ನೆಲೆಗಿಂತ ಎದ್ದು ಕಾಣುವ ಬಣ್ಣದಲ್ಲಿರಬೇಕು. ಲೇಬಲಿನ ಬೇರೆ ಅಕ್ಷರಗಳೆಲ್ಲ ಅದಕ್ಕಿಂತ ಸಣ್ಣವಾಗಿದ್ದರೆ, 'ವಿಷ'ವೂ ಆ ಲೇಬಲಿನ ಅತಿ ದೊಡ್ಡ ಅಕ್ಷರದಷ್ಟಾದರೂ ಇರಬೇಕು. ಪುಟ ಕಟ್ಟಿದವರಿಗೆ 24 ಪಾಯಿಂಟ್ ಎಂದರೆ ಎಷ್ಟೆಂದು ಗೊತ್ತು, ಇಂಚಿನ ಮೂರನೇ ಒಂದು ಭಾಗ. ಸುದ್ದಿಗೆ ಒಂದು ಮರ್ಯಾದಸ್ಥ ತಲೆಬರಹ.

ಈ ಕಾನೂನಿನಿಂದ ಬದಲಾದದ್ದು ಲೇಬಲ್ ಮಾತ್ರವಲ್ಲ ಎಂದು ನಮಗೆ ಅನ್ನಿಸುತ್ತದೆ. ಅದುವರೆಗೆ ಮಗು ಲೈ ನುಂಗಿದರೆ ಪ್ರಶ್ನೆ ತಾಯಿಯದು: 'ನೀನೇಕೆ ಅಲ್ಲಿಟ್ಟೆ?' ಕಾನೂನಾದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದಾಯಿತು: 'ನೀವೇಕೆ ಬರೆಯಲಿಲ್ಲ?' ಉತ್ತರ ಕೊಡಬೇಕಾದವರ ಹೆಸರು, ಊರು ಆ ಡಬ್ಬಿಯ ಮೇಲೆಯೇ ಇತ್ತು.

ಲೇಬಲ್ ಸಾಲದಾದಾಗ

ಹಾಗೆಂದು 1927ಕ್ಕೇ ಎಲ್ಲ ಸರಿಹೋಗಲಿಲ್ಲ. 12ರ ಪಟ್ಟಿ 12ರಲ್ಲೇ ನಿಂತಿತು. ಎರಡನೇ ಮಹಾಯುದ್ಧದ ನಂತರ ಮನೆಗೆ ಹೊಸ ಹೊಸ ರಾಸಾಯನಿಕಗಳು ಬಂದವು. 1953ರಲ್ಲಿ ಷಿಕಾಗೊದಲ್ಲಿ ಅಮೆರಿಕದ ಮೊದಲ ವಿಷ ಮಾಹಿತಿ ಕೇಂದ್ರ ಶುರುವಾಯಿತು. 1960ರಲ್ಲಿ ಬಂದ ಹೊಸ ಕಾನೂನು ವಸ್ತುಗಳ ಹೆಸರನ್ನು ಪಟ್ಟಿ ಮಾಡುವ ಬದಲು ಗುಣವನ್ನು ನೋಡಿತು. ಸುಡುವಂಥದ್ದೇ, ವಿಷವೇ, ಬೆಂಕಿ ಹತ್ತುವಂಥದ್ದೇ? ಹಾಗಿದ್ದರೆ ಹೆಸರು ಯಾವುದಾದರೂ ಎಚ್ಚರಿಕೆ ಬರೆಯಲೇಬೇಕು. 'ಮಕ್ಕಳ ಕೈಗೆ ಸಿಗದಂತೆ ಇಡಿ' ಎಂಬ ಸಾಲು ಕಡ್ಡಾಯವಾದದ್ದು ಈ ಕಾನೂನಿನಿಂದ.

ಆದರೆ ಮೂರು ವರ್ಷದ ಮಗು ಓದುವುದಿಲ್ಲ. 24 ಪಾಯಿಂಟೇ ಇರಲಿ, 72 ಪಾಯಿಂಟೇ ಇರಲಿ. ಅದಕ್ಕೇ 1970ರಲ್ಲಿ ಮಾತು ಮುಚ್ಚಳಕ್ಕೆ ಬಂತು. ಆ ವರ್ಷದ ಕಾನೂನಿನ ಕೆಳಗೆ, ಕಾಸ್ಟಿಕ್ ಹೆಚ್ಚಿರುವ ಮನೆಬಳಕೆಯ ವಸ್ತುಗಳನ್ನು ಮಕ್ಕಳು ಸುಲಭವಾಗಿ ತೆರೆಯಲಾಗದ ಡಬ್ಬಿಯಲ್ಲೇ ಮಾರಬೇಕೆಂಬ ನಿಯಮಗಳು ಬಂದವು. ಅದನ್ನು ಪರೀಕ್ಷಿಸುವ ಕ್ರಮವೂ ಸರಳ. ಐದು ವರ್ಷದೊಳಗಿನ ಮಕ್ಕಳ ಗುಂಪಿಗೆ ಖಾಲಿ ಡಬ್ಬಿ ಕೊಡುತ್ತಾರೆ. ಮೊದಲ ಐದು ನಿಮಿಷದಲ್ಲಿ ನೂರಕ್ಕೆ 85 ಮಕ್ಕಳಿಗಾದರೂ ತೆರೆಯಲು ಆಗಬಾರದು. ಹೇಗೆ ತೆರೆಯುವುದೆಂದು ತೋರಿಸಿಕೊಟ್ಟ ಮೇಲೂ ನೂರಕ್ಕೆ 80 ಮಕ್ಕಳು ಸೋಲಬೇಕು. ದೊಡ್ಡವರಿಗೆ ಮಾತ್ರ ತೆರೆಯಲು ಬರಬೇಕು.

ಪಾಠ ಅಲ್ಲಿಗೂ ಮುಗಿಯಲಿಲ್ಲ. 2012ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಟ್ಟೆ ಒಗೆಯುವ ದ್ರವದ ಪುಟ್ಟ ಪೊಟ್ಟಣಗಳು ಬಂದವು. ನೀರಿಗೆ ಹಾಕಿದರೆ ಹೊರಪದರವೇ ಕರಗುತ್ತದೆ. ಬಣ್ಣ ಬಣ್ಣದವು, ಮೆತ್ತಗಿನವು, ಮಿಠಾಯಿಯಂತೆ ಕಾಣುವಂಥವು. ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ 2014ರಲ್ಲಿ ಬಂದ ಅಧ್ಯಯನದ ಪ್ರಕಾರ, 2012 ಮತ್ತು 2013ರಲ್ಲಿ ಅಲ್ಲಿನ ವಿಷ ಮಾಹಿತಿ ಕೇಂದ್ರಗಳಿಗೆ ಆರು ವರ್ಷದೊಳಗಿನ 17,230 ಮಕ್ಕಳ ಪ್ರಕರಣಗಳು ವರದಿಯಾದವು. ಯುರೋಪ್ ಒಕ್ಕೂಟ 2015ರ ಜೂನ್ 1ರಿಂದ ಹೊಸ ನಿಯಮ ತಂದಿತು. ಒಳಗಿರುವುದು ಕಾಣದಂಥ ಡಬ್ಬಿ ಇರಬೇಕು, ಪೊಟ್ಟಣದ ಪದರಕ್ಕೆ ಬಾಯಿಗಿಟ್ಟ ಕೂಡಲೇ ಉಗುಳಿಸುವಂಥ ವಸ್ತು ಸೇರಿಸಬೇಕು, ನೀರು ತಾಗಿದರೂ ಕನಿಷ್ಠ 30 ಸೆಕೆಂಡು ಒಳಗಿನ ದ್ರವ ಹೊರಬರಬಾರದು. ನೂರು ವರ್ಷ ಹಿಂದೆ ಅಕ್ಷರದ ಗಾತ್ರ ಅಳೆದ ಕಾನೂನು, ಈಗ ಮಗುವಿನ ಬಾಯಿಯೊಳಗಿನ ಕ್ಷಣಗಳನ್ನು ಅಳೆಯುತ್ತಿದೆ.

ನಮ್ಮ ಅಂಗಡಿಯ ಎರಡು ಬಾಟಲಿಗಳು

ನಮ್ಮಲ್ಲಿ ಇಂಥ ಕಾನೂನಿನ ಅನುಭವವೇ ಇಲ್ಲವೇ? ಇದೆ. ರೈತರೆಲ್ಲರಿಗೂ ಗೊತ್ತಿರುವ ಒಂದು ಲೇಬಲ್ ಇದೆ. ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿಯ ಮೇಲೆ ಮೂಲೆ ಮೇಲಾಗಿ ನಿಂತ ಒಂದು ಚೌಕ. ಅದರ ಕೆಳಗಿನ ಅರ್ಧಕ್ಕೆ ಬಣ್ಣ: ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಓದಲು ಬಾರದ ಕೂಲಿಯಾಳೂ ಕೆಂಪು ಚೌಕ ಕಂಡರೆ ಕೈ ತೊಳೆದುಕೊಳ್ಳುತ್ತಾನೆ.

ಆ ಚೌಕದ ಹಿಂದೆಯೂ ಸಾವುಗಳಿವೆ. 1958ರಲ್ಲಿ ಕೇರಳ ಮತ್ತು ಮದ್ರಾಸ್ ರಾಜ್ಯಗಳಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಗೋಧಿ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ವಿಷವನ್ನೂ ಆಹಾರವನ್ನೂ ಒಟ್ಟಿಗೆ ಸಾಗಿಸಿದ್ದರಿಂದ ಆದ ಅನಾಹುತ ಅದು. ತನಿಖಾ ಆಯೋಗ ಕುಳಿತಿತು. ಹತ್ತು ವರ್ಷದ ನಂತರ 1968ರ ಕೀಟನಾಶಕ ಕಾಯ್ದೆ, 1971ರಲ್ಲಿ ಅದರ ನಿಯಮಗಳು ಬಂದವು. ಅಂದಿನಿಂದ ಕೀಟನಾಶಕವನ್ನು ಮಾರುಕಟ್ಟೆಗೆ ಬಿಡುವ ಮೊದಲು ಕೇಂದ್ರದ ಸಮಿತಿಯಲ್ಲಿ ನೋಂದಣಿ ಆಗಬೇಕು, ಲೇಬಲ್ ಒಪ್ಪಿಗೆಯಾಗಬೇಕು.

ಇನ್ನು ಪಕ್ಕದ ಬಾಟಲಿ ನೋಡೋಣ. ಆಸಿಡ್ ವಿಷಯದಲ್ಲಿ ಸುಪ್ರೀಂ ಕೋರ್ಟ್ ಲಕ್ಷ್ಮಿ ಪ್ರಕರಣದಲ್ಲಿ 2013ರ ಜುಲೈ 18ರಂದು ಆದೇಶ ಕೊಟ್ಟಿತು. ಕೊಳ್ಳುವವರ ಗುರುತಿನ ಚೀಟಿ ನೋಡಬೇಕು, ಯಾಕೆ ಬೇಕೆಂದು ಕೇಳಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು, 18 ವರ್ಷದೊಳಗಿನವರಿಗೆ ಕೊಡಬಾರದು, ತಪ್ಪಿದರೆ 50,000 ರೂಪಾಯಿವರೆಗೆ ದಂಡ. ಎರಚುವ ಕೈಯನ್ನು ತಡೆಯಲು ಬಂದ ಆದೇಶ ಅದು, ಬರಲೇಬೇಕಾಗಿತ್ತು. ಗೊತ್ತಿಲ್ಲದೆ ಬಾಟಲಿ ಎತ್ತಿಕೊಳ್ಳುವ ಪುಟ್ಟ ಕೈ ಅದರ ಚಿಂತೆಯಾಗಿರಲಿಲ್ಲ. 2011ರ ಪೊಟ್ಟಣ ಸರಕುಗಳ ನಿಯಮ ಪೊಟ್ಟಣದ ಮೇಲೆ ತಯಾರಕರ ವಿಳಾಸ, ತೂಕ, ತಿಂಗಳು, ಬೆಲೆ ಬರೆಯಿರಿ ಎನ್ನುತ್ತದೆ. ಗ್ರಾಹಕನಿಗೆ ಮೋಸವಾಗಬಾರದೆಂಬ ಕಾಳಜಿ ಅದರದು. ಅಳತೆಯಲ್ಲಿ ಹತ್ತು ಗ್ರಾಂ ಕಡಿಮೆಯಾದರೆ ಅದಕ್ಕೆ ಗೊತ್ತಾಗುತ್ತದೆ; ಒಳಗಿರುವುದು ಗಂಟಲು ಸುಡುತ್ತದೆಯೇ ಎಂದು ಅದು ಕೇಳುವುದಿಲ್ಲ.

ಸಂತೆಯಲ್ಲಿ ಕೈಗಾಡಿಯ ಮೇಲೆ ಸಾಲಾಗಿ ನಿಲ್ಲಿಸಿದ ಬಾಟಲಿಗಳಿಗೆ ಇದಾವುದೂ ತಲುಪುವುದಿಲ್ಲ. ಅಲ್ಲಿ ಫಿನಾಯಿಲು, ಆಸಿಡ್ಡು, ಬಟ್ಟೆ ಬಿಳಿ ಮಾಡುವ ನೀರು, ಕಾಸ್ಟಿಕ್ ನೀರು ಎಲ್ಲವೂ ಹಳೆಯ ನೀರಿನ ಬಾಟಲಿಯಲ್ಲಿ. ಮಾರುವವನು ದುಷ್ಟನಲ್ಲ. ಹೊಸ ಬಾಟಲಿ, ಲೇಬಲ್, ಗಟ್ಟಿ ಮುಚ್ಚಳ ಎಂದರೆ ಅವನ ದಿನದ ಲಾಭ ಅದಕ್ಕೇ ಹೋಗುತ್ತದೆ. ಕೊಳ್ಳುವವರೂ ನಾಲ್ಕು ಕಾಸು ಉಳಿಯುತ್ತದೆಂದೇ ಅಲ್ಲಿಗೆ ಹೋಗುವುದು. ಸ್ವಸಹಾಯ ಸಂಘಗಳ ತರಬೇತಿಗಳಲ್ಲಿ ಸೋಪು, ಫಿನಾಯಿಲು ಮಾಡುವುದನ್ನು ಕಲಿಸುತ್ತಾರೆ, ಒಳ್ಳೆಯದೇ. ನಾವು ವರದಿಗೆಂದು ಹೋದ ಇಂಥ ತರಬೇತಿಗಳಲ್ಲಿ ಬೆರೆಸುವ ಅಳತೆ ಹೇಳಿಕೊಟ್ಟರು, ಮಾರುವ ಉಪಾಯ ಹೇಳಿಕೊಟ್ಟರು. ಬಾಟಲಿಯ ಮೇಲೆ ಏನು ಬರೆಯಬೇಕೆಂದು ಹೇಳಿದ್ದು ನಮ್ಮ ಕಿವಿಗೆ ಬಿದ್ದಿಲ್ಲ. ಅದನ್ನು ಅಲ್ಲಿಯೇ ಎದ್ದು ನಿಂತು ನಾವು ಕೇಳಲೂ ಇಲ್ಲ.

ಐದನೆಯ ಪ್ರಶ್ನೆ

ಜಾಕ್ಸನ್ 1958ರಲ್ಲಿ ತೀರಿಕೊಂಡರು. ಅವರು ಗಂಟಲಿನಿಂದ ತೆಗೆದ ಗುಂಡಿ, ಪಿನ್ನುಗಳನ್ನು ನೋಡಲು ಜನ ಇವತ್ತಿಗೂ ಸಂಗ್ರಹಾಲಯಕ್ಕೆ ಹೋಗುತ್ತಾರೆ. ಲೇಬಲ್ ಓದಿ ಡಬ್ಬಿಯನ್ನು ಮೇಲಿನ ಕಪಾಟಿಗೆ ಎತ್ತಿಟ್ಟ ತಾಯಂದಿರಿಂದ ಉಳಿದ ಮಕ್ಕಳನ್ನು ಯಾವ ಗಾಜಿನ ಪೆಟ್ಟಿಗೆಯಲ್ಲೂ ಇಡಲಾಗುವುದಿಲ್ಲ. ಆಗದೇ ಹೋದ ಅನಾಹುತ ಸುದ್ದಿಯಾಗುವುದಿಲ್ಲ. ಅದು ನಮ್ಮ ಕಸುಬಿನ ಕಷ್ಟ.

ಆದದ್ದನ್ನಾದರೂ ಸರಿಯಾಗಿ ಬರೆಯಬಹುದು. ಆಸ್ಪತ್ರೆಯಿಂದ ಇಂಥ ಸುದ್ದಿ ಬಂದಾಗ ನಾವೀಗ ನಾಲ್ಕು ಮಾತು ಹೆಚ್ಚಿಗೆ ಕೇಳುತ್ತೇವೆ. ಯಾವ ವಸ್ತು? ಯಾವ ಬಾಟಲಿಯಲ್ಲಿತ್ತು? ಅದರ ಮೇಲೆ ಏನು ಬರೆದಿತ್ತು? ಎಲ್ಲಿಂದ ತಂದರು? ಡೆಸ್ಕಿನವರು ಕೆಲವೊಮ್ಮೆ ಆ ಸಾಲುಗಳನ್ನು ಕತ್ತರಿಸುತ್ತಾರೆ, ಕೆಲವೊಮ್ಮೆ ಬಿಡುತ್ತಾರೆ. ಬಿಟ್ಟಾಗ ಕೊನೆಗೊಂದು ಸಾಲು ಸೇರಿಸುತ್ತೇವೆ: ಮಗು ಇಂಥದ್ದನ್ನು ನುಂಗಿದರೆ ವಾಂತಿ ಮಾಡಿಸಬೇಡಿ, ಹುಣಸೆ ನಿಂಬೆ ಎಂದು ಏನನ್ನೂ ಕುಡಿಸಬೇಡಿ, ಬಾಯಿ ತೊಳೆದು ಆ ಬಾಟಲಿಯ ಸಮೇತ ಆಸ್ಪತ್ರೆಗೆ ಓಡಿ. ಇಳಿಯುವಾಗ ಸುಟ್ಟದ್ದು ವಾಂತಿಯಲ್ಲಿ ಮೇಲೆ ಬರುವಾಗ ಇನ್ನೊಮ್ಮೆ ಸುಡುತ್ತದೆ. ದಿಲ್ಲಿಯ ಏಮ್ಸ್‌ನಲ್ಲಿ 1995ರಿಂದ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಇದೆ. ತಾಲ್ಲೂಕು ಆಸ್ಪತ್ರೆಯ ವೈದ್ಯರೂ ಅಲ್ಲಿಗೆ ಫೋನ್ ಮಾಡಿ ಕೇಳಬಹುದು. ಆದರೆ ಕುಡಿದದ್ದು ಯಾವುದೆಂದು ಹೇಳಲು ಅವರಿಗೂ ಬಾಟಲಿಯ ಮೇಲೊಂದು ಹೆಸರು ಬೇಕು.

ಆ ಅಜ್ಜಿಯನ್ನು ಮತ್ತೊಮ್ಮೆ ಸಂತೆಯಲ್ಲಿ ನೋಡಿದೆವು. ಮೊಮ್ಮಗ ಸೊಂಟದ ಮೇಲಿದ್ದ, ತೆಳ್ಳಗಾಗಿದ್ದ. ಕೈಯಲ್ಲಿ ಅವನಿಗೆಂದು ಕೊಂಡ ಬಾಳೆಹಣ್ಣು. ಅದನ್ನು ಬೆರಳಲ್ಲಿ ನುಣ್ಣಗೆ ಹಿಸುಕಿ ಸ್ವಲ್ಪ ಸ್ವಲ್ಪವೇ ಬಾಯಿಗಿಡುತ್ತಿದ್ದರು. ಆ ಕೈಗಾಡಿ ಅಲ್ಲೇ, ಹತ್ತು ಹೆಜ್ಜೆ ಆಚೆ ನಿಂತಿತ್ತು. ಬಾಟಲಿಗಳ ಮೇಲೆ ಹಿಮದ ಬೆಟ್ಟದ ಚಿತ್ರ, ಕೆಳಗೆ 'ಶುದ್ಧ ಕುಡಿಯುವ ನೀರು'.

ಅವತ್ತಿನ ನಮ್ಮ ನಾಲ್ಕು ಸಾಲಿನಲ್ಲಿ 'ಆಕಸ್ಮಿಕವಾಗಿ' ಎಂದು ಬರೆದದ್ದು ತಪ್ಪು ಎಂದು ಇಲ್ಲಿ ತಿದ್ದುಪಡಿ ಹಾಕುತ್ತಿದ್ದೇವೆ.